ಭೀಮಾಸೀಮೆಯ ವಾಗ್ಗೇಯಕಾರರು

ಹಿಂದುಸ್ತಾನಿ ಸಂಗೀತದ ಪರೀಕ್ಷೆಗೆ ಕೂಡುವ ವಿದ್ಯಾರ್ಥಿ ಹಾಡಿ ತೋರಿಸಿದರಷ್ಟೇ ಸಾಲದು. ಶಾಸ್ತ್ರದ ಪ್ರಶ್ನೆಪತ್ರಿಕೆಗೂ ಉತ್ತರ ಬರೆಯಬೇಕು. ಅದರಲ್ಲಿ ವಾಗ್ಗೇಯಕಾರರ ಜೀವನಚರಿತ್ರೆಯ ಪ್ರಶ್ನೆ ಒಂದಾದರೂ ತಪ್ಪಿದ್ದಲ್ಲ. ತಾನಸೇನ, ಸದಾರಂಗ, ಅದಾರಂಗ, ದಕ್ಷಿಣಕ್ಕೆ ಬಂದರೆ ಪುರಂದರದಾಸರು, ತ್ಯಾಗರಾಜರು. ಇಷ್ಟು ಹೆಸರುಗಳನ್ನು ಬಾಯಿಪಾಠ ಮಾಡಿದವನಿಗೆ ನಪಾಸಾಗುವ ಭಯವಿಲ್ಲ. ಕಲಬುರಗಿಯಲ್ಲಿ ಓದುತ್ತಿದ್ದ ಕಾಲಕ್ಕೆ ನಾನೂ ನನ್ನ ಇಬ್ಬರು ಗೆಳೆಯರೂ ಗವಾಯಿಗಳೊಬ್ಬರ ಮನೆಗೆ ಪಾಠಕ್ಕೆ ಹೋಗುತ್ತಿದ್ದೆವು. ಒಬ್ಬ ಆಳಂದದವನು, ಇನ್ನೊಬ್ಬ ಜೇವರ್ಗಿ ಕಡೆಯವನು. ನನ್ನ ಊರು ಅಫಜಲಪುರ ತಾಲ್ಲೂಕಿನದು. ಮೂವರಿಗೂ ಸೇರಿ ಇದ್ದುದು ಒಂದೇ ಪುಸ್ತಕ. ಆದುದರಿಂದ ಕೂಡಿಯೇ ಓದುತ್ತಿದ್ದೆವು. ಹಾಗೆ ಕೂಡಿ ಓದುವಾಗ ಹುಟ್ಟಿದ ಜಿಜ್ಞಾಸೆಯೊಂದನ್ನು ವಾಚಕರ ಮುಂದಿಡುತ್ತೇನೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಹುಟ್ಟಿ ಹಾಡು ಕಟ್ಟಿದವರು ಈ ವಾಗ್ಗೇಯಕಾರರ ಪಂಕ್ತಿಗೆ ಸೇರುವರೇ ಇಲ್ಲವೇ ಎಂಬುದೇ ಅದು.

ವಾಗ್ಗೇಯಕಾರನ ಲಕ್ಷಣವನ್ನು ‘ಸಂಗೀತ ರತ್ನಾಕರ’ದಲ್ಲಿ ಶಾರ್ಙ್ಗದೇವ ಹೇಳಿದ್ದಾನೆ. ಆತ 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದವನು. ನಮಗೆ ತೀರ ದೂರದವನೇನಲ್ಲ. ಅವನ ಪರಿಭಾಷೆಯಲ್ಲಿ ಹಾಡಿನ ವಾಣಿಗೆ ‘ಮಾತು’ ಎಂದೂ ಸ್ವರರಚನೆಗೆ ‘ಧಾತು’ ಎಂದೂ ಹೆಸರು. (ಸಂಸ್ಕೃತದ ಈ ಶಬ್ದ ಅಕ್ಷರಶಃ ನಮ್ಮ ಕನ್ನಡದ ಮಾತಿನಂತೆಯೇ ಕೇಳಿಸುವುದು ನಮಗಾಗ ಬಹಳ ಸಂತೋಷ ಕೊಟ್ಟಿತ್ತು.) ಎರಡನ್ನೂ ಚೆನ್ನಾಗಿ ಕಟ್ಟಬಲ್ಲವನು ಉತ್ತಮ. ಧಾತು ಗಟ್ಟಿಯಾಗಿದ್ದು ಮಾತು ಸಡಿಲವಾದರೆ ಮಧ್ಯಮ. ಮಾತು ರಮ್ಯವಾಗಿದ್ದೂ ಧಾತು ಸೊರಗಿದ್ದರೆ ಅಧಮ. ಮತ್ತೊಬ್ಬರ ಧಾತುವಿಗೆ ತನ್ನ ಮಾತನ್ನು ಜೋಡಿಸುವವನಿಗೆ ‘ಕುಟ್ಟಿಕಾರ’ ಎಂಬ ಬೇರೆಯೇ ಹೆಸರು. ಈ ತಕ್ಕಡಿಯಲ್ಲಿ ನಮ್ಮವರನ್ನು ತೂಗಿ ನೋಡಬೇಕೆಂದು ಹೊರಟೆವು.

ಆಳಂದದ ಪಾಲಿಗೆ ಬಂದವನು 12ನೆಯ ಶತಮಾನದ ಏಕಾಂತದ ರಾಮಯ್ಯ. ಆತ ಆಳಂದೆಯವನೆಂಬುದಕ್ಕೆ ಅಬ್ಬಲೂರಿನ ಶಾಸನದ ಆಧಾರವಿದೆ. ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆ. ಶಿರವನ್ನರಿದು ಮರಳಿ ಪಡೆದ ಪವಾಡದ ಕಥೆ ಮನೆಮಾತಾಯಿತೇ ಹೊರತು ಅವನ ವಚನಗಳು ಉಳಿದುಬಂದುದು ಬೆರಳೆಣಿಕೆಯಷ್ಟು. ಜೇವರ್ಗಿಯ ಷಣ್ಮುಖಸ್ವಾಮಿಗಳ ಸಂಗತಿ ಹಾಗಲ್ಲ. 17ನೆಯ ಶತಮಾನದ ಈ ಶಿವಯೋಗಿಯ ವಚನಗಳು 700ಕ್ಕೂ ಹೆಚ್ಚು ಉಳಿದಿವೆ, ಅಂಕಿತ ‘ಅಖಂಡೇಶ್ವರ’. ಆದರೆ ಇಂದು ನಾವು ಕೇಳುವ ವಚನಗಾಯನದ ಧಾತು ಶರಣರದಲ್ಲ. ಅದು 20ನೆಯ ಶತಮಾನದ ಗವಾಯಿಗಳದು. ಗದಗಿನ ಪಂಚಾಕ್ಷರಿ ಗವಾಯಿಗಳು (1892–1944), ಅವರ ಬಳಿಕ ಮಲ್ಲಿಕಾರ್ಜುನ ಮನಸೂರರು ಮೊದಲಾದವರು ವಚನಗಳಿಗೆ ಹಿಂದುಸ್ತಾನಿ ರಾಗಗಳ ಉಡುಗೆ ತೊಡಿಸಿದರು. ಮಾತಿಗೂ ಧಾತುವಿಗೂ ನಡುವೆ ಶತಮಾನಗಳ ಅಂತರ! ಶಾರ್ಙ್ಗದೇವನ ಪಟ್ಟಿಯಲ್ಲಿ ಇಂಥ ಜೋಡಿಗೆ ಒಪ್ಪುವ ಕೋಣೆಯನ್ನು ನಾವು ಕಾಣಲಿಲ್ಲ.

ನಿಜವಾದ ತೊಡಕು ಬಂದುದು ಕಡಕೋಳ ಮಡಿವಾಳಪ್ಪನವರಲ್ಲಿ. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ, ನೆಲೆಸಿದ್ದು ಕಡಕೋಳದಲ್ಲಿ. ಆ ಊರು ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು, ಈಗ ಯಡ್ರಾಮಿ ತಾಲ್ಲೂಕಿನಲ್ಲಿದೆ. ಹೀಗಾಗಿ ನಾನೂ ಜೇವರ್ಗಿಯ ಗೆಳೆಯನೂ ಅವರನ್ನು ‘ನಮ್ಮವರು’ ಎಂದು ಜಗ್ಗಾಡಿದ್ದುಂಟು. 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದ ಪೂರ್ವಾರ್ಧ ಅವರ ಕಾಲ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ, ಇವರೆಲ್ಲ ಅವರ ಶಿಷ್ಯರು, ತಾವೂ ತತ್ವಪದ ಕಟ್ಟಿದವರು. ಹೆಸರುಗಳನ್ನು ಕೇಳಿದರೆ ಸಾಕು, ಆ ಮಠದ ಹೊಸ್ತಿಲು ಎಷ್ಟು ಅಗಲವಾಗಿತ್ತೆಂಬುದು ತಿಳಿಯುತ್ತದೆ.

ಇವರನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಅಮಾವಾಸ್ಯೆಯ ರಾತ್ರಿಯ ಭಜನೆಗಳಿಂದ. ಏಕತಾರಿ, ಪೇಟಿ, ತಬಲಾ, ತಾಳ. ಒಬ್ಬರು ಎತ್ತಿಕೊಟ್ಟರೆ ಹತ್ತು ಜನ ಹಿಡಿದು ಹಾಡುತ್ತಾರೆ. ಕೊನೆಯ ನುಡಿಗೆ ಬಂದಾಗ ಅಂಕಿತ ಬರುತ್ತದೆ. ಅದನ್ನು ಕೇಳಿ ಇದು ಮಡಿವಾಳಪ್ಪನವರದು, ಇದು ಶರೀಫರದು ಎಂದು ಓದುಬರಹ ಬಾರದ ಮುದುಕರೂ ಹೇಳಬಲ್ಲರು. ನಿಜಾಮರ ಆಳ್ವಿಕೆ 1948ರಲ್ಲಿ ಕೊನೆಗೊಳ್ಳುವವರೆಗೆ ಉರ್ದುವೇ ಸರಕಾರದ ಭಾಷೆಯಾಗಿದ್ದ ಈ ಸೀಮೆಯಲ್ಲಿ ಅನೇಕರಿಗೆ ಕನ್ನಡದ ಶಾಲೆಯೆಂದರೆ ಈ ಭಜನೆಯೇ ಆಗಿತ್ತೆಂದರೆ ಅತಿಶಯೋಕ್ತಿಯಾಗದು.

ಅಂಕಿತಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮತ್ತೊಂದು ಸಂಗತಿ ಹೊಳೆಯಿತು. ದಿಲ್ಲಿಯ ಮೊಹಮ್ಮದ ಶಾ ರಂಗೀಲೆಯ (1719–1748) ದರಬಾರಿನ ನ್ಯಾಮತ್ ಖಾನ ‘ಸದಾರಂಗ’ ಎಂಬ ಮುದ್ರೆಯಿಂದ ಖ್ಯಾಲಿನ ಚೀಜುಗಳನ್ನು ಕಟ್ಟಿದ. ಅವುಗಳಲ್ಲಿ ಎಷ್ಟೋ ಕಡೆ ಬಾದಶಹನ ಹೆಸರೂ ಬರುತ್ತದೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಹ (1580–1627) ತಾನೇ ಅರಸನಾದುದರಿಂದ ಅವನಿಗೆ ಹೊಗಳಬೇಕಾದ ದೊರೆ ಇರಲಿಲ್ಲ. ದಖನಿ ಭಾಷೆಯ ತನ್ನ ‘ಕಿತಾಬ್-ಎ-ನೌರಸ್’ನಲ್ಲಿ ಆತ ಸರಸ್ವತಿಯನ್ನೂ ಕಲಬುರಗಿಯ ಬಂದೇನವಾಜರನ್ನೂ ಒಂದೇ ಭಕ್ತಿಯಿಂದ ಸ್ತುತಿಸಿ, ಕೊನೆಗೆ ‘ಇಬ್ರಾಹಿಂ’ ಎಂದು ತನ್ನ ಹೆಸರು ಹಾಕಿಕೊಂಡ. ಷಣ್ಮುಖಸ್ವಾಮಿಗಳ ಅಂಕಿತದಲ್ಲಿರುವುದು ಅವರ ಗುರುವಿನ ಹೆಸರು. ಮಡಿವಾಳಪ್ಪನವರ ಪದಗಳಲ್ಲಿ ಬರುವುದೂ ಗುರು ‘ಮಹಾಂತ’ನೇ. ಆಶ್ರಯ ಕೊಟ್ಟವನ ಹೆಸರು ಅಲ್ಲಿ, ಅರಿವು ಕೊಟ್ಟವನ ಹೆಸರು ಇಲ್ಲಿ. ತನ್ನ ಹೆಸರನ್ನೇ ಹೇಳಿಕೊಳ್ಳದ ಕವಿಗೆ ಪರೀಕ್ಷೆಯ ಪುಸ್ತಕದಲ್ಲಿ ಜಾಗ ಸಿಗದಿದ್ದರೆ ಆಶ್ಚರ್ಯವೇನು?

ಇನ್ನು ಧಾತುವಿನ ಮಾತು. ತತ್ವಪದಕಾರರು ಬಳಕೆಯಲ್ಲಿದ್ದ ಧಾಟಿಗಳಿಗೇ ಪದ ಕೂಡಿಸಿದರೆಂದು ಆಳಂದದ ಗೆಳೆಯನ ವಾದ; ಅಂದಮೇಲೆ ಅವರು ಕುಟ್ಟಿಕಾರರು. ಜೇವರ್ಗಿಯವನು ಇದನ್ನು ಒಪ್ಪಲಿಲ್ಲ. ಒಂದೇ ಪದವನ್ನು ಎರಡು ಊರುಗಳಲ್ಲಿ ಬೇರೆ ಬೇರೆ ಧಾಟಿಯಲ್ಲಿ ಕೇಳಿದ್ದೇವೆ, ಹಾಗಾದರೆ ಯಾವುದು ಯಾರಿಂದ ಎರವಲು ತಂದದ್ದು ಎಂದು ಅವನ ಸವಾಲು. ನನ್ನ ಮಟ್ಟಿಗೆ ಅವನದೇ ಸರಿಯೆನಿಸುತ್ತದೆ. ತತ್ವಪದದ ಮಾತಿಗೆ ಕರ್ತೃವೊಬ್ಬನಿದ್ದಾನೆ. ಧಾತುವಿಗೆ ಹಾಡುವ ಮೇಳವೇ ಕರ್ತೃ. ಶಾರ್ಙ್ಗದೇವ ಅರಸನ ಆಸ್ಥಾನದಲ್ಲಿ ಕುಳಿತು ಒಬ್ಬೊಬ್ಬರನ್ನೇ ತೂಗಿದ. ಮೇಳವನ್ನು ತೂಗುವ ಕಲ್ಲು ಅವನ ಬಳಿ ಇರಲಿಲ್ಲ. ಅಲ್ಲದೆ ಖ್ಯಾಲಿನ ಚೀಜುಗಳಾದರೂ ಸದಾರಂಗ ಹಾಡಿದಂತೆಯೇ ನಮಗೆ ಬಂದಿವೆಯೆಂದು ಯಾರು ಎದೆತಟ್ಟಿ ಹೇಳಿಯಾರು? ಘರಾಣೆ ಘರಾಣೆಗೂ ಅದೇ ಚೀಜಿನ ಮುಖ ಬೇರೆ.

ಆದರೂ ಖ್ಯಾಲಿಗೆ ಒಂದು ಭಾಗ್ಯ ಒದಗಿತು. ಭಾತಖಂಡೆಯವರು (1860–1936) ಉಸ್ತಾದರ ಬಾಯಿಂದ ಚೀಜುಗಳನ್ನು ಸಂಗ್ರಹಿಸಿ, ಸ್ವರಲಿಪಿಯೊಡನೆ ‘ಕ್ರಮಿಕ ಪುಸ್ತಕ ಮಾಲಿಕೆ’ಯ ಆರು ಭಾಗಗಳಲ್ಲಿ ಅಚ್ಚು ಹಾಕಿಸಿದರು. ತತ್ವಪದಗಳೂ ಅಚ್ಚಾಗಿವೆ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ಈಚಿನ ವರ್ಷಗಳಲ್ಲಿ ಹೊರತಂದ ಸಂಪುಟಗಳು ನಮ್ಮಂಥ ಕನ್ನಡ ಅಧ್ಯಾಪಕರಿಗೆ ದೊಡ್ಡ ಉಪಕಾರ ಮಾಡಿವೆ. ಆದರೆ ಅವು ಉಳಿಸಿಕೊಟ್ಟದ್ದು ಮಾತನ್ನು. ಧಾತು ಇನ್ನೂ ಮುದುಕರ ಕೊರಳಲ್ಲಿಯೇ ಇದೆ, ಮತ್ತು ಆ ಕೊರಳುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹಳೆಯ ಭಜನೆ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಬರೆದಿರುತ್ತಾರೆ. ಈಗಲೂ ರಜೆಯಲ್ಲಿ ಊರಿಗೆ ಹೋದಾಗ ಆ ಮೂಲ ಹಾಡನ್ನು ಬಲ್ಲವರಾರೆಂದು ವಿಚಾರಿಸುತ್ತೇನೆ. ಹೆಚ್ಚಾಗಿ ಸಿಗುವ ಉತ್ತರ ಒಂದೇ: “ಅದು ನಮ್ಮಪ್ಪಗ ಬರ್ತಿತ್ತರಿ.”