ಗ್ರಾನೈಟ್ ಹುಟ್ಟಿದ ಬಗೆ, ಮೈಸೂರು ನೆಲದ ತಳಗಲ್ಲು

ಖಂಡಗಳ ಅಡಿಪಾಯವೆಂದು ಹೆಸರಾದ ಗ್ರಾನೈಟ್ ಭೂಮಿಯ ಮೊದಲ ಕಲ್ಲಲ್ಲ. ಸುಮಾರು 454 ಕೋಟಿ ವರ್ಷಗಳ ಹಿಂದೆ ಭೂಮಿ ರೂಪುಗೊಂಡು, ಕುದಿಯುತ್ತಿದ್ದ ಮೇಲ್ಮೈ ಹೆಪ್ಪುಗಟ್ಟಿದಾಗ ಉಂಟಾದದ್ದು ಬಸಾಲ್ಟ್ ಜಾತಿಯ ಕಪ್ಪು, ಭಾರದ ಶಿಲೆ. ಬೆಣಚು, ಫೆಲ್ಡ್‌ಸ್ಪಾರ್, ಒಂದಿಷ್ಟು ಅಭ್ರಕ ಕಣಕಣವಾಗಿ ಹೆಣೆದುಕೊಂಡಿರುವ ಗ್ರಾನೈಟ್ ಬಂದದ್ದು ಆಮೇಲೆ. ಆ ಕಪ್ಪು ಚಿಪ್ಪು ನೀರು ಕುಡಿದು, ಆಳಕ್ಕಿಳಿದು, ಅರೆಬರೆ ಕರಗಬೇಕಾಯಿತು. ಕರಗಿ ಗಟ್ಟಿಯಾದದ್ದು ಮತ್ತೆ ಕರಗಬೇಕಾಯಿತು. ಈ ಕ್ರಮವನ್ನು ಬಿಡಿಸಿಕೊಳ್ಳಲು ಭೂವಿಜ್ಞಾನಿಗಳಿಗೆ ಎರಡು ಶತಮಾನ ಹಿಡಿಯಿತು. ಆ ವಾದದ ಗಟ್ಟಿ ಅಧ್ಯಾಯವೊಂದು ನಡೆದದ್ದು ಹಳೆಯ ಮೈಸೂರು ಸಂಸ್ಥಾನದ ಬಂಡೆಗಳ ಮೇಲೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ವಿದ್ವಾಂಸರು ಹೆಚ್ಚಾಗಿ ಒಪ್ಪಿದ್ದು ಜರ್ಮನಿಯ ಫ್ರೈಬರ್ಗ್ ಗಣಿ ಅಕಾಡೆಮಿಯ ಅಬ್ರಹಾಂ ವರ್ನರ್ ಹೇಳಿದ ಕಥೆಯನ್ನು. ಆದಿಯಲ್ಲಿ ಭೂಮಿಯನ್ನೆಲ್ಲ ಆವರಿಸಿದ್ದ ಸಾಗರದ ನೀರಿನಿಂದ ಮೊದಲು ಹರಳುಗಟ್ಟಿ ತಳ ಸೇರಿದ್ದು ಗ್ರಾನೈಟ್, ಉಳಿದ ಶಿಲೆಗಳೆಲ್ಲ ಅದರ ಮೇಲೆ ಕೂತವು ಎಂಬುದು ಆ ಕಥೆ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್‌ಗೆ ಇದು ಒಪ್ಪಿಗೆಯಾಗಲಿಲ್ಲ. 1785ರಲ್ಲಿ ಆತ ಗ್ಲೆನ್ ಟಿಲ್ಟ್ ಕಣಿವೆಗೆ ಹೋಗಿ ಹೊಳೆಯ ಪಾತ್ರದಲ್ಲಿ ನೋಡಿದ್ದು, ಗಾಢ ಬಣ್ಣದ ಪದರ ಶಿಲೆಯನ್ನು ಸೀಳಿಕೊಂಡು ಒಳನುಗ್ಗಿದ್ದ ಕೆಂಪು ಗ್ರಾನೈಟಿನ ಎಳೆಗಳನ್ನು. ಸೀಳಿಸಿಕೊಂಡದ್ದು ಮೊದಲೇ ಅಲ್ಲಿರಬೇಕು, ಸೀಳಿದ್ದು ದ್ರವವಾಗಿ ಬಂದಿರಬೇಕು. ಗ್ರಾನೈಟ್ ಬೆಂಕಿಯ ಮಗು, ಸುತ್ತಲಿನ ಕಲ್ಲಿಗಿಂತ ಕಿರಿಯದು ಎಂಬ ಮಾತು ಅಲ್ಲಿಂದ ಬೇರುಬಿಟ್ಟಿತು.

ಆದರೆ ಆ ದ್ರವ ಎಲ್ಲಿಂದ ಬಂತು? ಈ ಪ್ರಶ್ನೆ 1940–50ರ ದಶಕದಲ್ಲಿ ಜಗಳದ ಮಟ್ಟಕ್ಕೇ ಹೋಯಿತು. ಬಸಾಲ್ಟಿನ ಶಿಲಾಪಾಕ ತಣಿಯುವಾಗ ಭಾರದ ಖನಿಜಗಳು ಮೊದಲು ಹರಳಾಗಿ ಬೇರ್ಪಡುತ್ತವೆ, ಕೊನೆಗೆ ಉಳಿಯುವ ರಸವೇ ಗ್ರಾನೈಟ್ ಎಂದು ನಾರ್ಮನ್ ಬೋವೆನ್ ಪ್ರಯೋಗಶಾಲೆಯ ಬಲದಿಂದ ವಾದಿಸಿದರು. ಬ್ರಿಟನ್ನಿನ ಎಚ್. ಎಚ್. ರೀಡ್ ಬೆಟ್ಟಗುಡ್ಡಗಳಲ್ಲಿ ತಾವು ಕಂಡ ವಿಶಾಲ ಗ್ರಾನೈಟ್ ಪ್ರದೇಶಗಳನ್ನು ಮುಂದಿಟ್ಟು, ಹಳೆಯ ಶಿಲೆಗಳೇ ಇದ್ದಲ್ಲಿಯೇ ಗ್ರಾನೈಟಾಗಿ ಮಾರ್ಪಟ್ಟಿವೆ ಎಂದರು. ಗ್ರಾನೈಟಿನಲ್ಲಿಯೂ ಬಗೆಬಗೆಯವಿವೆ ಎಂಬುದು ರೀಡ್ ಅವರ ನಿಲುವು. ಮುಂದಿನ ಕೆಲಸ ಈ ನಿಲುವಿನ ಪರವಾಗಿಯೇ ನಿಂತಿತೆನ್ನಬೇಕು. 1958ರಲ್ಲಿ ಟಟಲ್ ಮತ್ತು ಬೋವೆನ್ ಪ್ರಕಟಿಸಿದ ಪ್ರಯೋಗಗಳು ನೀರಿನ ಪಾತ್ರವನ್ನು ಖಚಿತಪಡಿಸಿದವು. ಒತ್ತಡದಲ್ಲಿ ನೀರು ಸೇರಿದರೆ ಬೆಣಚು–ಫೆಲ್ಡ್‌ಸ್ಪಾರ್ ಮಿಶ್ರಣ 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕರಗತೊಡಗುತ್ತದೆ. ಒಣಗಿದ್ದರೆ ಅದಕ್ಕಿಂತ ನೂರಾರು ಡಿಗ್ರಿ ಹೆಚ್ಚಿನ ಕಾವು ಬೇಕು. ನೀರಿಲ್ಲದೆ ಗ್ರಾನೈಟ್ ಇಲ್ಲ, ಸಾಗರವಿಲ್ಲದೆ ಖಂಡವಿಲ್ಲ ಎಂದು 1983ರಲ್ಲಿ ಕ್ಯಾಂಬೆಲ್ ಮತ್ತು ಟೇಲರ್ ವಾದಿಸಿದ್ದು ಇದೇ ತಿಳಿವಳಿಕೆಯ ಮುಂದುವರಿಕೆ. ಚಂದ್ರನಲ್ಲಿ ಗ್ರಾನೈಟ್ ಚೂರುಪಾರು ಮಾತ್ರ ಸಿಕ್ಕಿರುವುದು ಇದಕ್ಕೆ ಹೊಂದುತ್ತದೆ.

ಆದಿಯ ಚಿಪ್ಪು ಕರಗಿದಾಗ ಸಿಕ್ಕ ಮೊದಲ ಫಸಲು ನಿಜವಾದ ಗ್ರಾನೈಟ್ ಆಗಿರಲಿಲ್ಲ. ನೀರು ಸೇರಿದ ಬಸಾಲ್ಟ್ ಆಳದಲ್ಲಿ ಭಾಗಶಃ ಕರಗಿದರೆ ಸೋಡಿಯಂ ಹೆಚ್ಚಿರುವ, ಪೊಟಾಸಿಯಂ ಕಡಿಮೆಯಿರುವ ಬೂದು ಬಣ್ಣದ ಶಿಲೆ ಬರುತ್ತದೆ. ಟೋನಲೈಟ್, ಟ್ರಾಂಡ್‌ಜೆಮೈಟ್, ಗ್ರಾನೊಡಯೊರೈಟ್ ಎಂಬ ಮೂರರ ಮೊದಲಕ್ಷರ ಕೂಡಿಸಿ ಇದನ್ನು ಟಿಟಿಜಿ ಎನ್ನುತ್ತಾರೆ. ಕರಗುವಿಕೆ ನಡೆದದ್ದು ಒಂದು ಫಲಕ ಇನ್ನೊಂದರಡಿ ಜಾರುವಲ್ಲಿಯೋ, ದಪ್ಪವಾಗಿ ಪೇರಿದ ಬಸಾಲ್ಟಿನ ತಳದಲ್ಲಿಯೋ ಎಂಬ ಬಗ್ಗೆ ಈಗಲೂ ಎರಡು ಪಕ್ಷಗಳಿವೆ. ಹಗುರವಾದ ಈ ಶಿಲೆ ಮತ್ತೆ ಒಳಗೆ ಮುಳುಗುವುದು ಸುಲಭವಲ್ಲ. ಇಂದಿನ ಸಾಗರತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಬಸಾಲ್ಟ್ ಬಹುತೇಕ ಸಿಗುವುದಿಲ್ಲ. ಖಂಡಗಳ ಮೇಲಾದರೋ ಕೆನಡಾದ ಅಕಾಸ್ಟಾ ನದಿಯ ಬಳಿ 400 ಕೋಟಿ ವರ್ಷ ದಾಟಿದ ನೈಸ್ ಶಿಲೆ ಉಳಿದಿದೆ. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನಲ್ಲಿ ಶಿಲೆಯೇ ಅಳಿದುಹೋಗಿ, ಅದರೊಳಗಿದ್ದ ಜಿರ್ಕಾನ್ ಹರಳುಗಳು ಮಾತ್ರ ಕಿರಿಯ ಗಸಿಶಿಲೆಯಲ್ಲಿ ಸೇರಿಕೊಂಡಿವೆ. ಅವುಗಳಲ್ಲಿ ಅತಿ ಹಳೆಯದರ ವಯಸ್ಸು ಸುಮಾರು 440 ಕೋಟಿ ವರ್ಷ.

ದಕ್ಷಿಣ ಕರ್ನಾಟಕದ ಬಹುಪಾಲು ನೆಲದಡಿ ಇರುವುದು ಈ ಟಿಟಿಜಿ ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಶಿಲೆ, ಪೆನಿನ್ಸುಲಾರ್ ನೈಸ್. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದರ ಹೆಸರಾಂತ ಮಾದರಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಸುಮಾರು 300 ಕೋಟಿ ವರ್ಷದ ಆ ಬಂಡೆಯನ್ನು ಬಗ್ಗಿ ನೋಡಿದರೆ ತಿಳಿ ಬೂದು, ಕಡು ಬೂದು ಪಟ್ಟೆಗಳು ಸುಕ್ಕಿಕೊಂಡು ಮಡಿಚಿರುವುದು ಕಾಣುತ್ತದೆ. ಪಟ್ಟೆಗಳ ನಡುವೆ ಅಲ್ಲಲ್ಲಿ ಕರಗದೆ ಉಳಿದ ಕಪ್ಪು ಶಿಲೆಯ ತುಣುಕುಗಳಿವೆ. ಇವೆಲ್ಲವನ್ನೂ ಅಡ್ಡ ಕತ್ತರಿಸಿ ಹೋಗುವ ನಸುಗೆಂಪು ಎಳೆಗಳಿವೆ. ಕಪ್ಪು ತುಣುಕು ಮೊದಲು, ಬೂದು ನೈಸ್ ಆಮೇಲೆ, ಕೆಂಪು ಎಳೆ ಕೊನೆಗೆ: ಇಡೀ ನಾಡಿನ ಶಿಲಾಚರಿತ್ರೆಯ ಕ್ರಮ ಒಂದೇ ಬಂಡೆಯಲ್ಲಿದೆ.

ಒಂದು ಬಂಡೆಯಲ್ಲಿ ಸರಳವಾಗಿ ಕಾಣುವ ಕ್ರಮ ನಕ್ಷೆಯ ಮೇಲೆ ಸರಳವಾಗಿರಲಿಲ್ಲ. ಚಿನ್ನ, ಕಬ್ಬಿಣದ ಅದಿರುಗಳಿರುವ, ಷಿಸ್ಟ್ ಎಂಬ ಪದರ ಶಿಲೆಯ ಪಟ್ಟಿಗಳಿಗೆ 1880ರ ದಶಕದಲ್ಲಿ ಧಾರವಾಡ ಎಂಬ ಹೆಸರು ಕೊಟ್ಟ ರಾಬರ್ಟ್ ಬ್ರೂಸ್ ಫೂಟ್, ಅವು ನೈಸ್‌ನ ಮೇಲೆ ಕೂತಿವೆ, ಹಾಗಾಗಿ ಕಿರಿಯವು ಎಂದು ಕಂಡಿದ್ದರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಆರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಸಂಸ್ಥಾನದ ಭೂಚರಿತ್ರೆಯನ್ನು ಬರೆದಾಗ ಕ್ರಮವನ್ನೇ ತಿರುಗಿಸಿದರು. ನೈಸ್‌ನ ಎಳೆಗಳು ಷಿಸ್ಟನ್ನು ಸೀಳಿರುವುದನ್ನು ಅವರ ತಂಡ ಎಷ್ಟೋ ಕಡೆ ಗುರುತಿಸಿತ್ತು. ಹಟನ್ನನ ತರ್ಕದಂತೆ ಷಿಸ್ಟೇ ಹಿರಿಯದಾಗಬೇಕು. ಹಾಗಾದರೆ ಷಿಸ್ಟಿನ ನಡುವೆ ಸಿಗುವ, ನೈಸ್ ಮತ್ತು ಗ್ರಾನೈಟಿನ ಉರುಟುಗಲ್ಲುಗಳು ಬೆಸೆದ ಕಾಂಗ್ಲಾಮರೇಟ್? ಅವು ಹೊಳೆಯಲ್ಲಿ ಉರುಳಿದ ಕಲ್ಲುಗಳಲ್ಲ, ಶಿಲೆ ನುರಿದು ಉಂಡೆಯಾದವು ಎಂದು ಸ್ಮೀತ್ ಪಕ್ಷ ಹೇಳಿತು. ಈ ವಿವರಣೆ ಬಹಳ ಕಾಲ ನಿಲ್ಲಲಿಲ್ಲ. ಅದೇ ಇಲಾಖೆಯ ಬಿ. ರಾಮರಾಯರು ನೀರಿನಲ್ಲಿ ಸಂಚಯವಾದ ಶಿಲೆಗಳಿಗೆ ಧಾರವಾಡದಲ್ಲಿ ಸಲ್ಲಬೇಕಾದ ಸ್ಥಾನ ಕೊಟ್ಟರು. ತರೀಕೆರೆ ಕಡೆಯ ಕಲ್ದುರ್ಗ, ಚಿತ್ರದುರ್ಗ ಪಟ್ಟಿಯ ತಾಳ್ಯದ ಕಾಂಗ್ಲಾಮರೇಟುಗಳಲ್ಲಿ ನೈಸ್ ತುಂಡುಗಳಿದ್ದರೆ, ಅವು ಅಲ್ಲಿ ಸೇರುವ ಮುನ್ನ ನೈಸ್ ನೆಲದ ಮೇಲೆ ತಲೆಯೆತ್ತಿ ಸವೆದಿರಲೇಬೇಕು.

ಎರಡೂ ಸಾಕ್ಷ್ಯ ನಿಜವಾಗಿದ್ದುದರಿಂದಲೇ ಜಗಳ ಅಷ್ಟು ದಿನ ನಡೆಯಿತು. 1970–80ರ ದಶಕದಲ್ಲಿ ಹೊಸ ನಕ್ಷೆಗಳೂ ಐಸೊಟೋಪ್ ಕಾಲಮಾಪನವೂ ಬಂದ ಮೇಲೆ ಷಿಸ್ಟುಗಳು ಎರಡು ತಲೆಮಾರಿನವೆಂದು ಗೊತ್ತಾಯಿತು. ಸರಗೂರು ಗುಂಪಿನವು 300 ಕೋಟಿ ವರ್ಷಕ್ಕಿಂತ ಹಳೆಯವು, ನೈಸ್‌ನೊಳಗೆ ಚೂರುಚೂರಾಗಿ ಸಿಕ್ಕಿಕೊಂಡಿವೆ. ಬಾಬಾಬುಡನ್, ಚಿತ್ರದುರ್ಗ ಪಟ್ಟಿಗಳ ಧಾರವಾಡ ಷಿಸ್ಟುಗಳು ಸವೆದ ನೈಸ್‌ನ ಮೇಲೆ ಹಾಸಿಕೊಂಡವು. ನೈಸ್ ಕೂಡ ಒಂದೇ ಕಾಲದ್ದಲ್ಲ; ಹಾಸನ ಜಿಲ್ಲೆಯ ಗೊರೂರಿನದು ಸುಮಾರು 330 ಕೋಟಿ ವರ್ಷದ್ದು. ಸ್ಮೀತ್ ನೋಡಿದ್ದೂ ಫೂಟ್ ನೋಡಿದ್ದೂ ಸುಳ್ಳಾಗಲಿಲ್ಲ.

ಕೆಂಪು ಎಳೆಗಳ ಕಥೆ ರಾಮನಗರದಲ್ಲಿ ದೊಡ್ಡದಾಗುತ್ತದೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಿನಿಂದ ಆ ಊರು ಹಿಂದೆ ಕ್ಲೋಸ್‌ಪೇಟೆ. ಅಲ್ಲಿನ ಶಿಲೆ ಕ್ಲೋಸ್‌ಪೇಟೆ ಗ್ರಾನೈಟ್. ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿ.ಮೀ. ಉದ್ದ, 20–30 ಕಿ.ಮೀ. ಅಗಲಕ್ಕೆ ಇದು ಚಾಚಿದೆ. ಪೊಟಾಸಿಯಂ ಹೆಚ್ಚಿರುವ ಫೆಲ್ಡ್‌ಸ್ಪಾರಿನ ಹರಳುಗಳು ಇದರಲ್ಲಿ ಹೆಬ್ಬೆರಳ ಗಾತ್ರಕ್ಕೂ ಬೆಳೆದಿರುತ್ತವೆ. ಬಿ. ಪಿ. ರಾಧಾಕೃಷ್ಣ 1956ರಲ್ಲಿ ಇದರ ಮೇಲೆ ಪ್ರೌಢ ಪ್ರಬಂಧ ಪ್ರಕಟಿಸಿದಾಗ ರೀಡ್–ಬೋವೆನ್ ವಾದ ಇನ್ನೂ ಬಿಸಿಯಾಗಿತ್ತು. ಇಂದಿನ ತೀರ್ಮಾನದಂತೆ ಸುಮಾರು 252 ಕೋಟಿ ವರ್ಷದ ಹಿಂದೆ ಮ್ಯಾಂಟಲಿನಿಂದ ಮೇಲೇರಿದ ಬಿಸಿ ಶಿಲಾಪಾಕ ಹಳೆಯ ನೈಸನ್ನು ಕರಗಿಸಿ, ಅದರೊಂದಿಗೆ ಬೆರೆತು ಈ ಗ್ರಾನೈಟ್ ಹುಟ್ಟಿತು. ಈ ಭೂಭಾಗ ಮುಂದೆ ಓರೆಯಾಗಿ ಎದ್ದು ಸವೆದಿರುವುದರಿಂದ ದಕ್ಷಿಣದಲ್ಲಿ ಆಳದ ಬೇರು, ಉತ್ತರಕ್ಕೆ ಹೋದಂತೆ ಮೇಲಿನ ಭಾಗ ಬಯಲಾಗಿದೆ. ಶಿಲಾಪಾಕದ ಹುಟ್ಟು, ಹರಿವು, ನೆಲೆ ಮೂರನ್ನೂ ಒಂದೇ ಪಟ್ಟಿಯಲ್ಲಿ ನಡೆದು ನೋಡಬಹುದಾದ ಇಂಥ ಜಾಗ ಲೋಕದಲ್ಲಿ ಹೆಚ್ಚಿಲ್ಲ.

ದಕ್ಷಿಣದ ತುದಿಯಲ್ಲಿ, ಕನಕಪುರ ಸೀಮೆಯ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ ಇನ್ನೊಂದು ನೋಟವಿದೆ. ಬೂದು ನೈಸ್‌ನ ಪಟ್ಟೆಗಳು ಬಿರುಕುಗಳ ಅಕ್ಕಪಕ್ಕದಲ್ಲಿ ಮಾಸಿ, ಎಣ್ಣೆ ಸವರಿದಂಥ ಕಡುಹಸಿರು ಕಲೆಗಳಾಗಿವೆ. ಅದು ಚಾರ್ನಕೈಟ್. ಸಿ. ಎಸ್. ಪಿಚ್ಚಮುತ್ತು ಈ ಮಾರ್ಪಾಟನ್ನು 1960ರಲ್ಲಿ ಲೋಕದ ಗಮನಕ್ಕೆ ತಂದರು. ಮೈಸೂರಿನ ಎ. ಎಸ್. ಜನಾರ್ದನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಾರಣವನ್ನು ವಿವರಿಸಿದರು: ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಶಿಲೆಯೊಳಗಿನ ನೀರನ್ನು ಹೊರಗಟ್ಟಿತ್ತು. ಒಣಗಿದ ಆ ತಳ ಮತ್ತೆ ಸುಲಭವಾಗಿ ಕರಗುವಂತಿರಲಿಲ್ಲ. ಶಾಖ ಹುಟ್ಟಿಸುವ ಯುರೇನಿಯಂ, ಥೋರಿಯಂ, ಪೊಟಾಸಿಯಂ ಗ್ರಾನೈಟಿನ ಜತೆ ಮೇಲೇರಿದ್ದರಿಂದ ಬುಡದ ಕಾವೂ ಇಳಿಯಿತು. ಚಿಪ್ಪು ಗಡುಸಾಯಿತು.

ಆಮೇಲೆ ಈ ನೆಲದಲ್ಲಿ ದೊಡ್ಡ ಪ್ರಮಾಣದ ಗ್ರಾನೈಟ್ ಹುಟ್ಟಲಿಲ್ಲ. ಗಡುಸಾದ ಚಿಪ್ಪು ಬಿರಿದಾಗ ಬಿರುಕುಗಳಲ್ಲಿ ಏರಿದ್ದು ಬಸಾಲ್ಟಿನ ದಾಯಾದಿಯಾದ ಡಾಲರೈಟ್. ಬೆಂಗಳೂರು–ಹಾರೋಹಳ್ಳಿ ಸುತ್ತಿನ ಅದರ ಗೋಡೆಗಳು ಸುಮಾರು 237 ಕೋಟಿ ವರ್ಷದವು. ಚಾಮರಾಜನಗರದ ಕಡೆ ಇದೇ ಜಾತಿಯ ಕಲ್ಲನ್ನು ಕಡಿದು, ಹೊಳಪು ಕೊಟ್ಟು, ‘ಬ್ಲ್ಯಾಕ್ ಗ್ರಾನೈಟ್’ ಎಂದು ಮಾರುತ್ತಾರೆ.