ದಕ್ಷಿಣ ಧ್ರುವದ ಪೆಟ್ಟಿಗೆಗಳು

2019ರ ಏಪ್ರಿಲ್ 10ರಂದು ಪ್ರಕಟವಾದ ಕೃಷ್ಣರಂಧ್ರದ ಮೊದಲ ಚಿತ್ರವನ್ನು ನೀವೆಲ್ಲರೂ ಕಂಡಿರುತ್ತೀರಿ. ಆ ಕಿತ್ತಳೆ ಬಣ್ಣದ ಉಂಗುರದ ಹಿಂದಿರುವ ಸಾಗಾಟದ ಕಥೆ ಮಾತ್ರ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ.

2017ರ ಏಪ್ರಿಲ್‌ನಲ್ಲಿ ಹವಾಯಿ, ಅರಿಜೋನಾ, ಮೆಕ್ಸಿಕೋ, ಚಿಲಿ, ಸ್ಪೇನ್ ಹಾಗೂ ದಕ್ಷಿಣ ಧ್ರುವದ ಒಟ್ಟು 8 ರೇಡಿಯೋ ದೂರದರ್ಶಕಗಳು ಆಕಾಶದತ್ತ ಮುಖಮಾಡಿದವು. ಬಂದ ಅಲೆಗಳನ್ನು ಪರಮಾಣು ಗಡಿಯಾರದ ಕಾಲಮುದ್ರೆಯೊಡನೆ ಇದ್ದಂತೆಯೇ ದಾಖಲಿಸಬೇಕಿತ್ತು. ಅದರಲ್ಲಿ ಬಹುಪಾಲು ಬರಿಯ ಗದ್ದಲವಾದ್ದರಿಂದ ಕುಗ್ಗಿಸುವಂತೆಯೂ ಇರಲಿಲ್ಲ. ಸಂಗ್ರಹವಾದದ್ದು ಸುಮಾರು 5 ಪೆಟಾಬೈಟ್, ಎಂದರೆ 50 ಲಕ್ಷ ಗಿಗಾಬೈಟ್! ಸೆಕೆಂಡಿಗೆ 1 ಗಿಗಾಬಿಟ್ ವೇಗದಲ್ಲಿ ಎಡೆಬಿಡದೆ ಕಳುಹಿಸಿದರೂ 460 ದಿನಗಳು ಸಾಲವು.

ಆದುದರಿಂದ ವಿಜ್ಞಾನಿಗಳು ಹಳೆಯ ಅಂಚೆಯವರ ದಾರಿಯನ್ನೇ ಹಿಡಿದರು. ಸುಮಾರು ಅರ್ಧ ಟನ್ ತೂಗುವ ಹಾರ್ಡ್‌ಡಿಸ್ಕ್‌ಗಳು ವಿಮಾನವೇರಿ ಅಮೆರಿಕದ ಎಂಐಟಿ ಹೇಸ್ಟ್ಯಾಕ್ ವೀಕ್ಷಣಾಲಯಕ್ಕೂ ಜರ್ಮನಿಯ ಬಾನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೂ ಹೋದವು. ಪರ್ವತಶಿಖರದ ತೆಳುಗಾಳಿಯಲ್ಲಿ ಸಾಮಾನ್ಯ ಡಿಸ್ಕ್ ನೆಚ್ಚುವಂತಿರಲಿಲ್ಲ. ಹೀಲಿಯಂ ತುಂಬಿ ಮುಚ್ಚಿದವನ್ನೇ ಬಳಸಿದ್ದರು.

ಉಳಿದೆಡೆಯ ಪೆಟ್ಟಿಗೆಗಳು ಬಂದರೂ ಧ್ರುವದವು ಬರಲಿಲ್ಲ. ಅಲ್ಲಿನ ದೀರ್ಘ ಚಳಿಗಾಲದಲ್ಲಿ ವಿಮಾನ ಸಂಚಾರವಿಲ್ಲ. ಎಂತಹ ಗಣಕಯಂತ್ರವಿದ್ದರೇನು, ಕಾಯಲೇಬೇಕು. ಸುಮಾರು 27 ಸಾವಿರ ವರ್ಷ ಪಯಣಿಸಿ ನಮ್ಮ ಆಕಾಶಗಂಗೆಯ ನಡುವಿನಿಂದ ಬಂದ ಅಲೆಗಳ ದಾಖಲೆ ಹಿಮದ ನಡುವೆ ತಿಂಗಳುಗಟ್ಟಲೆ ಕುಳಿತಿತ್ತು. ಹೇಸ್ಟ್ಯಾಕ್‌ಗೆ ಅದು ತಲುಪಿದ್ದು ಅದೇ ವರ್ಷದ ಡಿಸೆಂಬರ್ 13ರಂದು.

2019ರ ಚಿತ್ರದ ಗ್ಯಾಲಕ್ಸಿ ಧ್ರುವದಿಂದ ಕಾಣುವುದೇ ಇಲ್ಲ. ನಮ್ಮದೇ ಆಕಾಶಗಂಗೆಯ ಕೃಷ್ಣರಂಧ್ರಕ್ಕೆ ಆ ಪೆಟ್ಟಿಗೆಗಳು ಒದಗಿಬಂದವು. ಅದರ ಚಿತ್ರ ಹೊರಬಂದದ್ದು 2022ರ ಮೇ 12ರಂದು.