ಹತ್ತಿ ಬೀಜದ ಪೇಟೆಂಟ್ ಮತ್ತು ತಜ್ಞಸಾಕ್ಷಿಯ ಎಲ್ಲೆ

ರಾಣೆಬೆನ್ನೂರು ತಾಲ್ಲೂಕು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಹತ್ತಿ ಬೀಜದ ಹೊಲದಲ್ಲಿ ನಡೆಯುವ ಮುಖ್ಯ ಕೆಲಸವನ್ನು ರೈತರು ಕ್ರಾಸಿಂಗ್ ಎನ್ನುತ್ತಾರೆ. ನಾಳೆ ಅರಳಬೇಕಾದ ಮೊಗ್ಗಿನ ಎಸಳು, ಕೇಸರಗಳನ್ನು ಇಂದೇ ಉಗುರಿನಿಂದ ಬಿಡಿಸಿ ತೆಗೆಯುತ್ತಾರೆ. ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗವನ್ನು ಶಲಾಕೆಯ ತುದಿಗೆ ಸವರುತ್ತಾರೆ. ಬಿಟಿ ವಂಶವಾಹಿ ಒಂದು ತಳಿಯಿಂದ ಇನ್ನೊಂದಕ್ಕೆ ದಾಟುವುದೂ ಇಂಥ ಸಂಕರದಿಂದಲೇ. ಹಾಗಾದರೆ ಪ್ರಯೋಗಾಲಯದಲ್ಲಿ ರೂಪಿಸಿದ ವಂಶವಾಹಿಯ ಪೇಟೆಂಟ್ ಆ ಬೀಜಕ್ಕೂ ಅನ್ವಯಿಸುತ್ತದೆಯೇ? ಬೀಜ ಕಂಪನಿಗಳಾದ ಮೊನ್ಸಾಂಟೊ–ನುಜಿವೀಡು ನಡುವಿನ ವ್ಯಾಜ್ಯದ ತಿರುಳು ಇದೇ. ತಜ್ಞರ ಮಾತು ಎಲ್ಲಿಗೆ ಮುಗಿಯಬೇಕು, ನ್ಯಾಯಾಧೀಶರ ಹೊಣೆ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೂ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದಿಲ್ಲ.

ಈ ಎಲ್ಲೆಗೆ ದೀರ್ಘ ಇತಿಹಾಸವಿದೆ. 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಂ ತಜ್ಞರ ಅಭಿಪ್ರಾಯಕ್ಕೆ ನ್ಯಾಯಾಲಯದ ಬಾಗಿಲು ತೆರೆಯಿತು. 51ನೇ ಕಲಂ ಆ ಅಭಿಪ್ರಾಯದ ಆಧಾರಗಳನ್ನೂ ಪರಿಶೀಲನೆಗೆ ಒಳಪಡಿಸಿತು. ತಜ್ಞರ ಸಾಕ್ಷ್ಯ ಸಲಹೆಯ ರೂಪದ್ದಷ್ಟೇ ಎಂದು ಸುಪ್ರೀಂ ಕೋರ್ಟ್ 1999ರ ಜೈ ಲಾಲ್ ಪ್ರಕರಣದಲ್ಲಿ ಹೇಳಿತು. 1970ರ ಪೇಟೆಂಟ್ ಕಾಯ್ದೆಯ 115ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಯಾವ ಪಕ್ಷಕ್ಕೂ ಸೇರದ ವೈಜ್ಞಾನಿಕ ಸಲಹೆಗಾರರನ್ನು ನ್ಯಾಯಾಲಯವೇ ನೇಮಿಸಬಹುದು. ಆದರೆ ಕಾನೂನಿನ ಅರ್ಥವಿವರಣೆಯನ್ನು ಅವರಿಗೆ ಒಪ್ಪಿಸುವಂತಿಲ್ಲ.

ಬಿಟಿ ವ್ಯಾಜ್ಯದಲ್ಲಿ ವಾದವೆದ್ದದ್ದು ಮೊನ್ಸಾಂಟೊದ 214436 ಸಂಖ್ಯೆಯ ಪೇಟೆಂಟ್ ಕುರಿತು. ಸಸ್ಯಗಳಿಗೂ ಅವುಗಳ ಭಾಗಗಳಿಗೂ ಬೀಜಗಳಿಗೂ ಪೇಟೆಂಟ್ ಕೊಡುವಂತಿಲ್ಲ ಎನ್ನುವ ಅದೇ ಕಾಯ್ದೆಯ 3(ಜೆ) ಕಲಂ ಆಧರಿಸಿ, ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರ ಏಪ್ರಿಲ್‌ನಲ್ಲಿ ಅದನ್ನು ಅಸಿಂಧುಗೊಳಿಸಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ, ದಾವೆಯನ್ನು ವಿಚಾರಣೆಗೆ ಹಿಂದಿರುಗಿಸಿತು. ತಜ್ಞರ ವಿಚಾರಣೆಯಿಲ್ಲದೆ, ದಾವೆಯಲ್ಲಿ ನಿಶಾನೆಯಾಗಿಯೂ ಸಲ್ಲಿಕೆಯಾಗದ, ಸಾರ್ವಜನಿಕವಾಗಿ ಲಭ್ಯವಿದ್ದ ದಾಖಲೆಗಳ ಮೇಲೆ ಇಷ್ಟು ಜಟಿಲ ವಿಷಯ ತೀರ್ಮಾನಿಸಬಾರದಿತ್ತು ಎಂಬುದು ಅದರ ನಿಲುವು. ಹೀಗೆ ಎಲ್ಲೆ ಎರಡೂ ಕಡೆಗೆ ಅನ್ವಯಿಸಿತು: ತಜ್ಞರು ನ್ಯಾಯಾಧೀಶರಾಗಬಾರದು, ನ್ಯಾಯಾಧೀಶರು ತಾವೇ ತಜ್ಞರಾಗಬಾರದು.

ವಿಚಾರಣೆ ಮಾತ್ರ ಮುಗಿಯಲಿಲ್ಲ. 2019ರಲ್ಲೇ ಪೇಟೆಂಟ್ ಅವಧಿ ತೀರಿತು. 2021ರಲ್ಲಿ ಪಕ್ಷಗಳು ರಾಜಿಯಾದವು. ಪಾಟೀಸವಾಲಿಗೆ ಒಳಗಾದ ತಜ್ಞಸಾಕ್ಷ್ಯದ ಆಧಾರದ ಮೇಲೆ 3(ಜೆ) ಪ್ರಶ್ನೆ ಇತ್ಯರ್ಥವಾಗಲೇ ಇಲ್ಲ.

ಎರಡೂ ಕಡೆಯ ತಜ್ಞರನ್ನು ಒಟ್ಟಿಗೆ ಕೂರಿಸಿ ಕೇಳುವ 'ಹಾಟ್ ಟಬ್ಬಿಂಗ್' ಪದ್ಧತಿಗೆ ದೆಹಲಿ ಹೈಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿತು. ಅದರ 2022ರ ನಿಯಮಗಳು ಸ್ವತಂತ್ರ ತಜ್ಞರ ನೆರವಿಗೂ ದಾರಿ ಮಾಡಿದವು. ಇವು ಸ್ವಾಗತಾರ್ಹ. ಆದರೆ ಪಕ್ಷಗಳು ಹಣ ಕೊಟ್ಟು ಕರೆತಂದ ತಜ್ಞರ ವಾದವಿವಾದಕ್ಕೆ ಮುನ್ನವೇ 115ನೇ ಕಲಮಿನ ಸಲಹೆಗಾರರ ವರದಿ ನ್ಯಾಯಪೀಠದ ಮುಂದಿರಬೇಕು. ಅಂಥ ಸಲಹೆಗೆ ಬೇಕಾದ ಅರಿವು ನಮ್ಮಲ್ಲಿಯೇ ಇದೆ: 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ರೂಪಿಸಿದ ಬಿ. ಎಚ್. ಕಟರಕಿಯವರ ಕಾರ್ಯಕ್ಷೇತ್ರ ಧಾರವಾಡ. ಸಂಕರದಲ್ಲಿ ಮನುಷ್ಯನ ಕೈವಾಡ ಎಷ್ಟು, ಪ್ರಕೃತಿಯ ಪಾಲು ಎಷ್ಟು ಎಂಬುದನ್ನು ತಳಿವಿಜ್ಞಾನಿ ಬಿಡಿಸಿ ಹೇಳಲಿ. ಪೇಟೆಂಟ್ ಪಡೆದ ವಸ್ತು ಕಾಯ್ದೆಯ 'ಬೀಜ'ವೇ ಅಲ್ಲವೇ ಎಂಬುದನ್ನು ನ್ಯಾಯಾಧೀಶರೇ ನಿರ್ಧರಿಸಲಿ. ಈ ಕೆಲಸವಿಭಜನೆ ದಾವೆಯ ಮೊದಲ ಹಂತದಲ್ಲೇ ಆಗದಿದ್ದರೆ, ಬೀಜದ ಬೆಲೆಯ ಭಾರ ಹೊರುವ ರೈತನಿಗೆ ತೀರ್ಪು ಪೇಟೆಂಟಿನ ಆಯುಷ್ಯದೊಳಗೆ ಸಿಗಲಾರದು.